ಲಾರಿ ಹೂತುಹೋಗುವ ನೆಲದಲ್ಲಿ ಓಡಿದ ಪುಟ್ಟ ರೈಲುಗಳು

ಟೆರೇಸಿನ ಮೇಲೆ ಗಿಡ ಬೆಳೆಸುವವರಿಗೆಲ್ಲ ಕೊಕೊಪೀಟ್ ಗೊತ್ತಿರುತ್ತೆ ಅಲ್ವಾ? ಅದು ತೆಂಗಿನ ನಾರಿನ ಪುಡಿ. ನಿಜವಾದ ಪೀಟ್ ಬೇರೆ. ಚಳಿ ದೇಶಗಳ ಜೌಗಿನಲ್ಲಿ ಪಾಚಿ ಸತ್ತು, ನೀರಿನಡಿ ಪೂರ್ತಿ ಕೊಳೆಯದೆ, ಸಾವಿರಾರು ವರ್ಷ ಪದರ ಪದರವಾಗಿ ಕೂತು ಆದ ಕಂದು ಮಣ್ಣು ಅದು. ವರ್ಷಕ್ಕೆ ಸುಮಾರು 1 ಮಿಲಿಮೀಟರ್ ಬೆಳೆಯುತ್ತೆ, ಅಷ್ಟೇ. ಒಣಗಿಸಿದರೆ ಉರಿಯುತ್ತದೆ. ಐರ್ಲೆಂಡಿನ ಹಳ್ಳಿಗಳಲ್ಲಿ ತಲೆತಲಾಂತರದಿಂದ ಒಲೆಗೆ ಅದೇ ಸೌದೆ.

1934ರಲ್ಲಿ ಅಲ್ಲಿನ ಸರ್ಕಾರ ಪೀಟ್ ತೆಗೆಯಲು ಒಂದು ಮಂಡಳಿ ಕಟ್ಟಿತು. ಅದನ್ನು ನಡೆಸಿದ ಟಾಡ್ ಆಂಡ್ರ್ಯೂಸ್ ಜರ್ಮನಿಗೂ ಸೋವಿಯತ್ ಒಕ್ಕೂಟಕ್ಕೂ ಹೋಗಿ ಯಂತ್ರಗಳನ್ನು ನೋಡಿ ಬಂದರು. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ಕಲ್ಲಿದ್ದಲು ಸಿಗದಾದಾಗ ಡಬ್ಲಿನ್ನಿನ ಫೀನಿಕ್ಸ್ ಪಾರ್ಕಿನಲ್ಲಿ ಪೀಟ್ ರಾಶಿಗಳು ಎದ್ದವು. 1946ರಲ್ಲಿ ಆ ಮಂಡಳಿಯ ಜಾಗಕ್ಕೆ ಬೋರ್ಡ್ ನಾ ಮೋನಾ ಅನ್ನೋ ಸರ್ಕಾರಿ ಸಂಸ್ಥೆ ಬಂತು.

ತೆಗೆದ ಪೀಟನ್ನು ಸಾಗಿಸೋದು ಹೇಗೆ? ಆ ನೆಲದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ನೀರೇ. ಕಾಲುವೆ ತೋಡಿ ನೀರು ಬಸಿದ ಮೇಲೂ ಲಾರಿಯ ಚಕ್ರ ಹೂತುಹೋಗುತ್ತೆ. ಹಳಿ ಹಾಕಿದರೆ ಭಾರ ಸ್ಲೀಪರ್‌ಗಳ, ಅಂದರೆ ಹಳಿಯಡಿಯ ಅಡ್ಡಪಟ್ಟಿಗಳ ಮೇಲೆ ಹಂಚಿಹೋಗುತ್ತದೆ. ಅದಕ್ಕೇ ಮೂರಡಿ ಅಗಲದ, ಅಂದರೆ 914 ಮಿಲಿಮೀಟರಿನ ಹಗುರ ಹಳಿ. ಒಂದು ಕಾಲಕ್ಕೆ ಇಂಥ ಹಳಿಗಳ ಉದ್ದ ಸಾವಿರ ಕಿಲೋಮೀಟರ್ ದಾಟಿತ್ತು.

ನನಗೆ ತುಂಬಾ ಇಷ್ಟವಾದ ಸಂಗತಿ ಏನೆಂದರೆ, ಇಲ್ಲಿ ಎಲ್ಲ ಹಳಿಯೂ ಒಂದೇ ಕಡೆ ಇರುತ್ತಿರಲಿಲ್ಲ. ಯಂತ್ರ ನೆಲದ ಮೇಲ್ಪದರವನ್ನು ತೆಳುವಾಗಿ ಕೆರೆದು ಪುಡಿ ಮಾಡುತ್ತಿತ್ತು. ಎರಡು ಮೂರು ದಿನ ಬಿಸಿಲಿಗೆ ಒಣಗಿದ ಮೇಲೆ ಆ ಪುಡಿಯನ್ನು ಉದ್ದುದ್ದ ರಾಶಿ ಹಾಕಿ ಪ್ಲಾಸ್ಟಿಕ್ ಹಾಳೆ ಹೊದಿಸುತ್ತಿದ್ದರು. ಲೋಡ್ ಮಾಡುವಾಗ ಅದರ ಪಕ್ಕಕ್ಕೇ ಹಳಿ ಹಾಕಿ, ಖಾಲಿಯಾದ ಮೇಲೆ ಎತ್ತಿ ಮುಂದಿನ ರಾಶಿಗೆ ಒಯ್ಯುತ್ತಿದ್ದರು. ಅಲ್ಲಿಂದ ಡೀಸೆಲ್ ಎಂಜಿನ್ ಡಬ್ಬಿಗಳನ್ನು ಎಳೆದುಕೊಂಡು ವಿದ್ಯುತ್ ಸ್ಥಾವರಕ್ಕೆ ಹೋದರೆ, ಅಲ್ಲಿನ ಟಿಪ್ಲರ್ ಯಂತ್ರ ಡಬ್ಬಿಯನ್ನು ಹಿಡಿದು ಪೂರ್ತಿ ಮಗುಚಿ ಪುಡಿಯನ್ನು ಸುರಿದುಬಿಡುತ್ತಿತ್ತು.

1949ರಲ್ಲಿ ಪೀಟನ್ನೇ ಉರಿಸಿ ಓಡುವ ಮೂರು ಉಗಿ ಎಂಜಿನ್ ತರಿಸಿದ್ದರು, ಸ್ಕಾಟ್ಲೆಂಡಿನ ಆಂಡ್ರ್ಯೂ ಬಾರ್ಕ್ಲೇ ಕಂಪನಿಯವು. ಹೆಚ್ಚು ಕಾಲ ನಡೆಯಲಿಲ್ಲ, ಡೀಸೆಲ್ಲೇ ಗೆದ್ದಿತು. ಅವುಗಳಲ್ಲಿ ಒಂದರ ಭಾಗಗಳಿಂದ ವೇಲ್ಸ್‌ನ ಟಾಲಿಲಿನ್ ರೈಲ್ವೆಯವರು ಕಟ್ಟಿದ ‘ಟಾಮ್ ರೋಲ್ಟ್’ ಎಂಜಿನ್ 1991ರಲ್ಲಿ ಓಡಲು ಶುರುಮಾಡಿತು.

ಪೋರ್ಟಾರ್ಲಿಂಗ್ಟನ್‌ನಲ್ಲಿ 1950ರಲ್ಲಿ ಶುರುವಾದ ಪೀಟ್ ವಿದ್ಯುತ್ತು ಊರೂರಿಗೆ ಕೆಲಸ ಕೊಟ್ಟಿತು. ಆದರೆ ಸಾವಿರಾರು ವರ್ಷ ಜೌಗು ಹಿಡಿದಿಟ್ಟ ಇಂಗಾಲ ಹೊಗೆಯಾಗಿ ಹೋಗುತ್ತಿತ್ತು. ಕೊನೆಗೆ ಇದನ್ನು ನಿಲ್ಲಿಸಿದ್ದು ಸರಿಯೇ ಅನ್ನೋದು ನನ್ನ ಅಭಿಪ್ರಾಯ. ಹಾಗಂತ ಕೆಲಸ ಕಳೆದುಕೊಂಡವರ ನೋವು ಸಣ್ಣದಲ್ಲ, ಅಪ್ಪ-ಮಗ ಇಬ್ಬರೂ ಇದನ್ನೇ ನಂಬಿದ್ದ ಮನೆಗಳಿದ್ದವು. 2019ರಲ್ಲಿ ಶಾನನ್‌ಬ್ರಿಜ್ ಸ್ಥಾವರ ಮುಂದುವರಿಸಲು ಯೋಜನಾ ಮಂಡಳಿ ಅನುಮತಿ ಕೊಡಲಿಲ್ಲ. 2020ರ ಡಿಸೆಂಬರಿನಲ್ಲಿ ಅದು ಮುಚ್ಚಿತು. ಮರುತಿಂಗಳೇ ಬೋರ್ಡ್ ನಾ ಮೋನಾ ಪೀಟ್ ತೆಗೆಯೋದನ್ನು ಪೂರ್ತಿ ಬಿಟ್ಟಿರುವುದಾಗಿ ಘೋಷಿಸಿತು.

ಈಗ ಆ ಹಳೆಯ ಕಾಲುವೆಗಳಿಗೆ ಅಡ್ಡ ಕಟ್ಟಿ ನೀರು ನಿಲ್ಲಿಸುತ್ತಿದ್ದಾರೆ, ಪಾಚಿ ಮತ್ತೆ ಬೆಳೆಯಲಿ ಅಂತ. ಲಾಫ್ ಬೋರಾ ಅನ್ನೋ ಕಡೆ ಹಳೆಯ ಎಂಜಿನ್ನೊಂದನ್ನು ಡಬ್ಬಿಗಳ ಸಮೇತ ಬಾಗಿದ ಹಳಿಯ ಮೇಲೆ ಶಿಲ್ಪವಾಗಿ ನಿಲ್ಲಿಸಿದ್ದಾರೆ.