ಸಾಂಬ್ರಾಣಿ ಸುಡಬೇಡಿ, ಕಾಯಿಸಿ

ಶುಕ್ರವಾರದ ಪೂಜೆ ಕಳೆದ ಮಾರನೇ ದಿನ ನಮ್ಮ ಗ್ರಂಥಿಗೆ ಅಂಗಡಿಗೆ ತಪ್ಪದೆ ಬರುವ ದೂರು ಒಂದೇ: “ಅಣ್ಣಾ, ನೀವು ಕೊಟ್ಟ ಸಾಂಬ್ರಾಣಿ ಬರೀ ಹೊಗೆ, ಘಮವೇ ಇಲ್ಲ. ಕೆಮ್ಮಿ ಕೆಮ್ಮಿ ಸಾಕಾಯ್ತು.” ಕೆಂಡ ಹೇಗಿತ್ತಮ್ಮಾ ಎಂದರೆ, ಚೆನ್ನಾಗಿ ಊದಿ ನಿಗಿನಿಗಿ ಮಾಡಿದ್ದೆ ಅನ್ನುತ್ತಾರೆ. ಎಡವಟ್ಟಾಗಿರುವುದೇ ಅಲ್ಲಿ.

ಸಾಂಬ್ರಾಣಿ ಎಂದರೆ ಮರದ ಅಂಟು. ಸುಮಾತ್ರಾ ಕಡೆ ಮರದ ತೊಗಟೆ ಕೆತ್ತಿ ತೆಗೆಯುತ್ತಾರೆ. ಅದು ಮೆಲ್ಲಗೆ ಕಾದು, ಕರಗಿ, ಆವಿ ಬಿಟ್ಟರೆ ಪರಿಮಳ. ಹೊತ್ತಿಕೊಂಡರೆ ಮಸಿ. ಊದಿದ ಕೆಂಡದ ಮೈ 600 ಡಿಗ್ರಿ ಸೆಲ್ಸಿಯಸ್‌ಗೂ ಮೇಲೆ ಕಾದಿರುತ್ತದೆ. ಸಾಂಬ್ರಾಣಿಯಲ್ಲಿರುವ ಬೆಂಜೋಯಿಕ್ ಆಮ್ಲ ಕರಗಲು 122 ಡಿಗ್ರಿ ಸಾಕು. ನಿಗಿನಿಗಿ ಕೆಂಡಕ್ಕೆ ಬಿದ್ದರೆ ಘಮ ಹೊರಡುವ ಮೊದಲೇ ಸುಟ್ಟುಹೋಗುತ್ತದೆ, ಆಮ್ಲದ ಆವಿ ಒಮ್ಮೆಗೇ ನುಗ್ಗಿ ಗಂಟಲು ಕೆರೆಯುತ್ತದೆ. ಘಮ ಬರಲಿಲ್ಲವೆಂದು ಇನ್ನೊಂದು ಹಿಡಿ ಸುರಿಯುತ್ತಾರೆ. ಮತ್ತಷ್ಟು ಕೆಮ್ಮು.

ಬೇಕಿರುವುದು ಬೂದಿ ಮುಚ್ಚಿದ ಕೆಂಡ. ಧೂಪದ ಬಟ್ಟಲಿಗೆ ಮೊದಲು ಒಂದು ಬೆರಳು ದಪ್ಪ ಬೂದಿಯನ್ನೋ ಒಣ ಮರಳನ್ನೋ ಹಾಕಿ. ತೆಂಗಿನ ಕರಟದ ಕೆಂಡ ಎರಡು ಮೂರು ತುಂಡು ಇಟ್ಟು, ಊದದೆ ಬಿಡಿ. ಮೈಮೇಲೆ ಬಿಳಿ ಬೂದಿ ಕೂತು, ಕೆಂಪು ಅದರೊಳಗಿಂದ ಮಾತ್ರ ಇಣುಕುವಂತಾದಾಗ ಕಾಲು ಚಮಚ ಹಾಕಿ. ಒಳ್ಳೆಯ ಮಾಲು ಮೊದಲು ಬೆವರಿದಂತೆ ಹೊಳೆಯುತ್ತದೆ, ಆಮೇಲೆ ಗುಳ್ಳೆ ಏಳುತ್ತದೆ, ಬೆಳ್ಳಗಿನ ಹೊಗೆ ಎಳೆಯಾಗಿ ಮೇಲೇಳುತ್ತದೆ. ಹೊಗೆ ಕಪ್ಪಾಗಿದ್ದರೆ, ಜ್ವಾಲೆ ಎದ್ದರೆ, ಕೆಂಡ ಇನ್ನೂ ಜೋರಾಗಿದೆ ಎಂದೇ ಅರ್ಥ. ಒಂದು ಚಿಟಿಕೆ ಬೂದಿ ಉದುರಿಸಿ. ಹೊಗೆ ನಿಂತ ಮೇಲೆಯೇ ಮುಂದಿನ ಕಾಲು ಚಮಚ.

ಬೆಂಕಿಕಡ್ಡಿಗೇ ಹೊತ್ತುವ ಇದ್ದಿಲು ಬಿಲ್ಲೆ ತಂದವರು ಇನ್ನೂ ಆತುರ ಪಡುತ್ತಾರೆ. ಅದು ಬೇಗ ಹೊತ್ತಲೆಂದು ಪಟಾಕಿಗೆ ಹಾಕುವ ಪೆಟ್ಲುಪ್ಪು ಬೆರೆಸಿರುತ್ತಾರೆ. ಚಟಪಟ ಕಿಡಿ ನಿಂತು, ಬಿಲ್ಲೆಯೆಲ್ಲ ಬೂದಿಬಣ್ಣಕ್ಕೆ ತಿರುಗುವ ತನಕ ಕಾಯದಿದ್ದರೆ ದೇವರ ಮನೆಯಲ್ಲಿ ಪಟಾಕಿ ವಾಸನೆ.

ಮಾಲಿನದೇ ತಪ್ಪು ಇರುವುದೂ ಉಂಟು. ಪುಡಿ ಕೊಳ್ಳಬೇಡಿ, ಗಟ್ಟಿ ಕೊಳ್ಳಿ. ಒಡೆದರೆ ಕಂದು ಮೈಯಲ್ಲಿ ಬಾದಾಮಿ ಚೂರು ಹುದುಗಿಸಿದ ಹಾಗೆ ಬಿಳಿ ಕಾಳುಗಳು ಕಾಣಬೇಕು. ಗಾಜಿನಂತೆ ಪಾರದರ್ಶಕವಾಗಿ, ಹಳದಿಯಾಗಿದ್ದು, ಸುಟ್ಟರೆ ಟರ್ಪೆಂಟೈನ್ ವಾಸನೆ ಬಂದರೆ ಪೈನ್ ಮರದ ರೋಸಿನ್ ಬೆರೆತಿರುವ ಸಂಶಯ ಪಡಿ. ಕಣ್ಣಂದಾಜಿನಲ್ಲಿ ಪೂರ್ತಿ ಖಾತ್ರಿ ಕೊಡಲಾಗದು.

ಕುಟ್ಟಾಣಿಯಲ್ಲಿ ರವೆಯಷ್ಟು ದಪ್ಪಕ್ಕೆ ಕುಟ್ಟಿದರೆ ಸಾಕು. ಮಿಕ್ಸಿಗೆ ಹಾಕಬೇಡಿ, ಬಿಸಿಗೆ ಅಂಟು ಮೆತ್ತಗಾಗಿ ಬ್ಲೇಡಿಗೆ ಮೆತ್ತಿಕೊಳ್ಳುತ್ತದೆ, ಆ ಜಾರಿನಲ್ಲಿ ಮತ್ತೆ ಚಟ್ನಿ ಅರೆಯಲಾಗದು. ಹದವಾದ ಬೆರಕೆಗೆ 100 ಗ್ರಾಂ ಸಾಂಬ್ರಾಣಿಗೆ 50 ಗ್ರಾಂ ಸಾಲುಧೂಪದ ಅಂಟು, 20 ಗ್ರಾಂ ಗುಗ್ಗುಳ. ಸಾಲುಧೂಪ ನಮ್ಮ ಪಶ್ಚಿಮಘಟ್ಟದ ಮರದ್ದೇ. ಸಾಂಬ್ರಾಣಿಯ ಸಿಹಿ ಅತಿಯಾಗದಂತೆ ಹಿಡಿಯುತ್ತದೆ. ಗಂಧದ ಪುಡಿ, ಲಾವಂಚ ಸೇರಿಸುವ ಆಸೆಯಿದ್ದರೆ ಎರಡೂ ಕೂಡಿ 10 ಗ್ರಾಂ ದಾಟದಿರಲಿ. ಅವು ಕರಗುವುದಿಲ್ಲ, ಕಟ್ಟಿಗೆಯ ಹಾಗೆ ಸುಡುತ್ತವೆ.

ಬಾಣಂತಿಗೆ, ಹಸುಗೂಸಿಗೆ ಹೊಗೆ ಹಾಕುವ ವಿಷಯಕ್ಕೆ ಮಾತ್ರ ನನ್ನ ಮಾತು ಗಡುಸು. ಎಣ್ಣೆನೀರು ಹಾಕಿದ ಮೇಲೆ ಬಾಣಂತಿಯ ಕೂದಲು ಆರಿಸಲು ಬುಟ್ಟಿ ಬೋರಲಿಟ್ಟು ಸಾಂಬ್ರಾಣಿ ಹಾಕುವ ಪ್ರೀತಿ ಎಂಥದ್ದೆಂದು ಗೊತ್ತು. ಆದರೆ ಗಾಳಿ ಬೀಸುತ್ತದೆಂದು ಬಾಗಿಲು ಕಿಟಕಿ ಮುಚ್ಚಿ ಕೆಂಡ ಇಟ್ಟರೆ ಇಂಗಾಲದ ಮಾನಾಕ್ಸೈಡ್ ಎಂಬ ವಿಷಾನಿಲ ತುಂಬುತ್ತದೆ. ಅದಕ್ಕೆ ವಾಸನೆಯೇ ಇಲ್ಲ, ಸಾಂಬ್ರಾಣಿ ಘಮದ ನಡುವೆ ತಿಳಿಯುವುದೂ ಇಲ್ಲ. ಬಾಣಂತಿಗಾದರೆ ಕಿಟಕಿ ತೆರೆದು, ಕೂದಲಿಗೆ ಎರಡು ನಿಮಿಷ. ಮಗುವನ್ನು ಹೊಗೆಯ ಹತ್ತಿರಕ್ಕೇ ತರಬೇಡಿ. ಮನೆಯಲ್ಲಿ ಉಬ್ಬಸದವರಿದ್ದರೆ ವೈದ್ಯರನ್ನು ಕೇಳದೆ ಹಾಕಬೇಡಿ. ಹೊಗೆ ಮುಗಿದ ಕೂಡಲೇ ಕೆಂಡದ ಬಟ್ಟಲನ್ನು ಅಂಗಳಕ್ಕೆ ಒಯ್ದು ಇಡಿ.