ಫ್ಯಾಂಟಸಿಯ ಕುದುರೆ ದಾಳಿಕೋರರು ಎಲ್ಲಿಂದ ಬಂದರು?

ಫ್ಯಾಂಟಸಿ ಕಾದಂಬರಿ ಕೈಗೆ ಸಿಕ್ಕರೆ ಮೊದಲು ಅದರ ನಕ್ಷೆ ನೋಡಿ. ಪೂರ್ವದ ಅಂಚಿನಲ್ಲಿ ಊರೂ ಇಲ್ಲದ ಕೇರಿಯೂ ಇಲ್ಲದ ದೊಡ್ಡ ಹುಲ್ಲಿನ ಬಯಲು ಕಂಡರೆ ಮುಗೀತು, ಅಲ್ಲಿ ಕುದುರೆ ಮೇಲೆ ಬದುಕುವ ಒಂದು ಕುಲ ಇದ್ದೇ ಇರುತ್ತದೆ. ಬರುತ್ತಾರೆ, ದೋಚುತ್ತಾರೆ, ಸುಡುತ್ತಾರೆ, ಹೋಗುತ್ತಾರೆ. ಯಾಕೆ ಅಂತ ಯಾರೂ ಕೇಳುವುದಿಲ್ಲ. ಅವರು ಇರುವುದೇ ಹಾಗೆ ಅಂತ ಕಥೆಯೊಳಗಿನವರೂ ಓದುವವರೂ ಒಪ್ಪಿಕೊಂಡುಬಿಟ್ಟಿರುತ್ತಾರೆ.

ಇವತ್ತು ಈ ಪೈಕಿ ಎಲ್ಲರಿಗೂ ಗೊತ್ತಿರುವವರು ದೋಥ್ರಾಕಿಗಳು. 1996ರಲ್ಲಿ ಜಾರ್ಜ್ ಆರ್. ಆರ್. ಮಾರ್ಟಿನ್ ಅವರ ‘ಎ ಗೇಮ್ ಆಫ್ ಥ್ರೋನ್ಸ್’ ಕಾದಂಬರಿಯಲ್ಲಿ ಹುಟ್ಟಿದರು. 2011ರಲ್ಲಿ ಟಿವಿಗೆ ಬರುವಾಗ ಭಾಷಾತಜ್ಞ ಡೇವಿಡ್ ಪೀಟರ್ಸನ್ ಈ ಕುಲಕ್ಕಾಗಿ ಒಂದು ಭಾಷೆಯನ್ನೇ ಕಟ್ಟಿಕೊಟ್ಟರು. ಗೆದ್ದವನ ಜಡೆಗೆ ಗಂಟೆ, ಸೋತವನ ಜಡೆಗೆ ಕತ್ತರಿ. ಕಲ್ಪನೆ ಚೆನ್ನಾಗಿದೆ, ಅಲ್ವಾ? ಮಂಗೋಲರು, ಹೂಣರು, ಅಲನ್ನರು, ಅಮೆರಿಕದ ಬಯಲುಸೀಮೆಯ ಮೂಲನಿವಾಸಿಗಳು, ಇವರನ್ನೆಲ್ಲ ಬೆರೆಸಿ ಮೇಲೊಂದಿಷ್ಟು ಕಲ್ಪನೆ ಸೇರಿಸಿದೆ ಅಂತ ಮಾರ್ಟಿನ್ ಅವರೇ ಹೇಳಿದ್ದಾರೆ. ಆದರೆ ಒಂದು ವಿಷಯ ಮಾತ್ರ ನನಗೆ ಸರಿ ಬರುವುದಿಲ್ಲ. ದೋಥ್ರಾಕಿಗಳಿಗೆ ಮಾರುವುದು, ಕೊಳ್ಳುವುದು ಅಂದರೆ ಆಗುವುದೇ ಇಲ್ಲ. ನಿಜವಾದ ಹುಲ್ಲುಗಾವಲಿನ ಇತಿಹಾಸ ಇದಕ್ಕೆ ಪೂರ್ತಿ ಉಲ್ಟಾ.

ಅದಕ್ಕೆ ಆಮೇಲೆ ಬರೋಣ. ಮೊದಲು ಈ ಚಿತ್ರ ಬರೆದವರು ಯಾರು ನೋಡಿ. ಕ್ರಿ.ಪೂ. 5ನೇ ಶತಮಾನದ ಗ್ರೀಕ್ ಲೇಖಕ ಹೆರೊಡೊಟಸ್ ಕಪ್ಪು ಸಮುದ್ರದ ಉತ್ತರದ ಹುಲ್ಲುಗಾವಲಿನ ಸಿಥಿಯನ್ನರ ಬಗ್ಗೆ ಬರೆದ: ತಾನು ಕೊಂದ ಮೊದಲ ಶತ್ರುವಿನ ರಕ್ತ ಕುಡಿಯುತ್ತಾರೆ, ತಲೆಬುರುಡೆಯನ್ನೇ ಬಟ್ಟಲು ಮಾಡಿಕೊಳ್ಳುತ್ತಾರೆ. ಎಂಟುನೂರು ವರ್ಷ ಕಳೆದ ಮೇಲೆ ರೋಮನ್ ಸೈನ್ಯದಲ್ಲಿದ್ದ ಅಮ್ಮಿಯಾನಸ್ ಮಾರ್ಸೆಲಿನಸ್ ಹೂಣರ ಸರದಿ ತೆಗೆದುಕೊಂಡ. ಇವರು ಅಡುಗೆ ಮಾಡುವುದಿಲ್ಲ, ಹಸಿ ಮಾಂಸವನ್ನು ತಮ್ಮ ತೊಡೆಗೂ ಕುದುರೆಯ ಬೆನ್ನಿಗೂ ನಡುವೆ ಇಟ್ಟು ಬೆಚ್ಚಗೆ ಮಾಡಿ ತಿನ್ನುತ್ತಾರೆ ಅಂದ. ಇಲಿ ಚರ್ಮ ಹೊಲಿದು ಹಾಕಿಕೊಳ್ಳುತ್ತಾರಂತೆ, ಅದು ಚಿಂದಿಯಾಗಿ ಉದುರುವ ತನಕ ಬಿಚ್ಚುವುದಿಲ್ಲವಂತೆ, ನಿದ್ದೆಯೂ ಕುದುರೆ ಮೇಲೇ ಅಂತೆ. ಅಂತೆ ಕಂತೆಗಳೇ ಜಾಸ್ತಿ. ಆದರೆ ಉಳಿದುಕೊಂಡಿದ್ದು ಇದೇ, ಯಾಕೆಂದರೆ ಬರೆಯುವ ಕೈ ಯಾವಾಗಲೂ ದಾಳಿಗೆ ಹೆದರಿದ ಊರಿನ ಕಡೆಯದು. ಕೊಳಕು ಚರ್ಮದ ಬಟ್ಟೆ, ಕ್ರೌರ್ಯ, ಕುದುರೆಗೆ ಅಂಟಿಕೊಂಡ ದೇಹ, ಎಲ್ಲವೂ ಫ್ಯಾಂಟಸಿಗೆ ಹಾಗೇ ದಾಟಿಕೊಂಡು ಬಂತು.

ದಾಟದೆ ಉಳಿದಿದ್ದು ಕುರಿ.

ತಮಾಷೆ ಅಲ್ಲ. ಬರೀ ಕುದುರೆ ಕಟ್ಟಿಕೊಂಡು ಯಾವ ಕುಲವೂ ಬದುಕುವುದಿಲ್ಲ. ಮಂಗೋಲರು ಸಾಕುವುದು ಐದು ಜಾತಿಯ ಪ್ರಾಣಿಗಳನ್ನು: ಕುದುರೆ, ದನ, ಒಂಟೆ, ಕುರಿ, ಮೇಕೆ. ಡೇರೆಯ ಗೋಡೆ ಅಂದರೆ ಕುರಿಯ ಉಣ್ಣೆಯನ್ನು ಒದ್ದೆ ಮಾಡಿ ಒತ್ತಿದ ದಪ್ಪ ಬಟ್ಟೆ. ಹಾಲು, ಮಾಂಸ, ಚರ್ಮ ಎಲ್ಲ ಹಿಂಡಿನಿಂದಲೇ ಬರುತ್ತದೆ. ಆದರೆ ಹಿಂಡು ಧಾನ್ಯ ಕೊಡುವುದಿಲ್ಲ, ರೇಷ್ಮೆ ಕೊಡುವುದಿಲ್ಲ, ಕಬ್ಬಿಣದ ಪಾತ್ರೆ ಕೊಡುವುದಿಲ್ಲ. ಒಂದು ಚಳಿಗಾಲ ಕೆಟ್ಟು ಹುಲ್ಲಿನ ಮೇಲೆ ಮಂಜುಗಡ್ಡೆ ಕೂತರೆ, ಮೇಯಲಾರದೆ ಹಿಂಡಿಗೆ ಹಿಂಡೇ ಸಾಯುತ್ತದೆ. ಇದಕ್ಕೆ ಮಂಗೋಲರು ಜುಡ್ ಅನ್ನುತ್ತಾರೆ. ಹಾಗಾಗಿ ಅವರಿಗೆ ಸಂತೆ ಬೇಕೇ ಬೇಕಿತ್ತು. ಸಂತೆ ಇದ್ದರೆ ವ್ಯಾಪಾರ, ಬಾಗಿಲು ಹಾಕಿದರೆ ದಾಳಿ.

16ನೇ ಶತಮಾನದ ಮಂಗೋಲ್ ಮುಖಂಡ ಅಲ್ತಾನ್ ಖಾನ್ ಕಥೆಯಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಕುದುರೆ ಕೊಡುತ್ತೇವೆ, ಸಂತೆ ತೆರೆಯಿರಿ ಅಂತ ಅವನು ಚೀನಾದ ಮಿಂಗ್ ಅರಸರಿಗೆ ಮತ್ತೆ ಮತ್ತೆ ಹೇಳಿ ಕಳಿಸಿದ. ಅವರು ಅವನ ದೂತನನ್ನೇ ಕೊಂದರು. 1550ರಲ್ಲಿ ಅಲ್ತಾನ್ ಬೀಜಿಂಗ್ ಗೋಡೆಯ ತನಕ ಬಂದು ಸುತ್ತಲಿನ ಊರುಗಳನ್ನು ಸುಟ್ಟ. ಕೊನೆಗೆ 1571ರಲ್ಲಿ ಒಪ್ಪಂದ ಆಯಿತು, ಅಲ್ತಾನನಿಗೆ ಬಿರುದು ಸಿಕ್ಕಿತು, ಗಡಿಯಲ್ಲಿ ಸಂತೆಗಳು ತೆರೆದವು. ಆಮೇಲೆ ಆ ಗಡಿಯಲ್ಲಿ ದೊಡ್ಡ ದಾಳಿಗಳು ನಿಂತವು. ಆ ಒಪ್ಪಂದದ ಹೊತ್ತಲ್ಲಿ ಮಿಂಗ್ ಅಧಿಕಾರಿಗಳು ತುಂಬಾ ತಲೆಕೆಡಿಸಿಕೊಂಡ ಸಂಗತಿ ಯಾವುದು ಗೊತ್ತಾ? ಅಡುಗೆ ಪಾತ್ರೆ. ಕಬ್ಬಿಣದ ಪಾತ್ರೆ ಮಾರಿದರೆ ಅದನ್ನು ಕರಗಿಸಿ ಆಯುಧ ಮಾಡಿಕೊಂಡಾರು ಅನ್ನುವ ಭಯ ಅವರಿಗೆ. ಆ ಕಡೆಯವರಿಗೋ ಅಡುಗೆಗೆ ಪಾತ್ರೆ ಬೇಕಿತ್ತು. ಯಾವ ಫ್ಯಾಂಟಸಿಯಲ್ಲೂ ಒಂದು ಪಾತ್ರೆಗಾಗಿ ಇಷ್ಟು ಚೌಕಾಸಿ ನಡೆದದ್ದನ್ನು ನಾನು ಓದಿಲ್ಲ.

ಇನ್ನು ಬಟ್ಟೆಯ ವಿಷಯ. ಟಿವಿಯಲ್ಲಿ ಎಲ್ಲರಿಗೂ ಸುಮ್ನೆ ಮಣ್ಣಿನ ಬಣ್ಣದ ಚರ್ಮ ತೊಡಿಸಿಬಿಡುತ್ತಾರೆ. ಸೈಬೀರಿಯಾದ ಅಲ್ತಾಯ್ ಬೆಟ್ಟಗಳ ಪಜಿರಿಕ್‌ನಲ್ಲಿ ಇಂಥದೇ ಕುದುರೆ ಕುಲದವರ, ಮಂಜುಗಡ್ಡೆ ತುಂಬಿದ ಒಂದು ಗೋರಿಯನ್ನು 1949ರಲ್ಲಿ ಪುರಾತತ್ವಜ್ಞ ಸೆರ್ಗೈ ರುಡೆಂಕೊ ತೆಗೆದಾಗ ಸಿಕ್ಕಿದ್ದು ಸಾಲುಸಾಲು ಸವಾರರನ್ನೂ ಜಿಂಕೆಗಳನ್ನೂ ನೇಯ್ದ ಒಂದು ಕೆಂಪು ಜಮಖಾನ. ಸುಮಾರು 2,400 ವರ್ಷ ಹಳೆಯದು. ಜೊತೆಗೆ ಉಣ್ಣೆಯಲ್ಲಿ ಮಾಡಿ ಒಳಗೆ ತುಂಬಿದ ಹಂಸಗಳು!

ಹೂಣರ ನಡುವೆ ನಿಜವಾಗಿ ಓಡಾಡಿ ಬಂದವನೊಬ್ಬ ಇದ್ದ. ಹೆಸರು ಪ್ರಿಸ್ಕಸ್. 449ರಲ್ಲಿ ಪೂರ್ವ ರೋಮನ್ ರಾಯಭಾರಿಗಳ ಜೊತೆ ಹೂಣರ ದೊರೆ ಅತ್ತಿಲನ ಬಿಡಾರಕ್ಕೆ ಹೋದ. ಊಟಕ್ಕೆ ಕೂತಾಗ ಅತಿಥಿಗಳಿಗೆಲ್ಲ ಬೆಳ್ಳಿ ತಟ್ಟೆ, ಅತ್ತಿಲನಿಗೆ ಮಾತ್ರ ಮರದ ತಟ್ಟೆ. ಅಲ್ಲೇ ಒಂದು ಬೆಳಿಗ್ಗೆ ಹೂಣರ ಹಾಗೆ ಬಟ್ಟೆ ತೊಟ್ಟ ಒಬ್ಬ ಎದುರಾಗಿ ಅಚ್ಚ ಗ್ರೀಕ್‌ನಲ್ಲಿ ನಮಸ್ಕಾರ ಅಂದ. ಮೊದಲು ವ್ಯಾಪಾರಿಯಾಗಿದ್ದವನು, ಯುದ್ಧದಲ್ಲಿ ಸೆರೆಸಿಕ್ಕು, ಆಮೇಲೆ ಬಿಡುಗಡೆಯಾಗಿ, ಮದುವೆ ಮಾಡಿಕೊಂಡು ಮಕ್ಕಳ ಜೊತೆ ಅಲ್ಲೇ ಉಳಿದಿದ್ದ. ರೋಮಿನ ತೆರಿಗೆ, ದುಡ್ಡಿಲ್ಲದೆ ನ್ಯಾಯ ಸಿಗದ ಕೋರ್ಟು, ಅದಕ್ಕಿಂತ ಇಲ್ಲಿನ ಬದುಕೇ ವಾಸಿ ಅಂದ. ಪ್ರಿಸ್ಕಸ್ ಬಿಡಲಿಲ್ಲ, ರೋಮಿನ ಕಾನೂನು ಎಷ್ಟು ಒಳ್ಳೆಯದು ಅಂತ ಉದ್ದಕ್ಕೆ ವಾದಿಸಿದ. ಆ ಮನುಷ್ಯ ಅತ್ತುಬಿಟ್ಟ. ಕಾನೂನೇನೋ ಒಳ್ಳೆಯದೇ, ಆಳುವವರು ಅದನ್ನು ಕೆಡಿಸಿದರು ಅಂದ.