ದರಗು ಹೀರುವ ಗಾಡಿ

ಎಂಜಿನ್ ಅಬ್ಬರಿಸುತ್ತಿತ್ತು, ಫ್ಯಾನು ಕಿವಿ ಕಿವುಡಾಗುವಂತೆ ಕೂಗುತ್ತಿತ್ತು. ಹುಲ್ಲುಹಾಸಿನ ಮೇಲೆ ಒಣಗಿ ಉದುರಿದ ದರಗೆಲೆ ಮಾತ್ರ ಬಿದ್ದಲ್ಲೇ ಬಿದ್ದಿತ್ತು. ಚಿಕ್ಕಮಗಳೂರಿನ ಆಲ್ದೂರು ಕಡೆ ಕಾಫಿ ತೋಟವಿರುವ ನನ್ನ ಭಾವ ಲಾನ್ ಟ್ರ್ಯಾಕ್ಟರಿನಿಂದ ಇಳಿದು ಹಿಂದಿನ ಟ್ರೈಲರಿನ ಮುಚ್ಚಳ ಎತ್ತಿ ಇಣುಕಿದರು. ಒಳಗೆ ಎರಡು ಬುಟ್ಟಿಯಷ್ಟೂ ಎಲೆ ಇರಲಿಲ್ಲ. "ಇದಕ್ಕೆ ಶಕ್ತಿ ಸಾಲದು ಮಾರಾಯ, ಫ್ಯಾನು ಇನ್ನೂ ಜೋರಾಗಿ ತಿರುಗಬೇಕು" ಎಂದರು. ಕಾಲೇಜಿನಲ್ಲಿ ಮೂವತ್ತು ವರ್ಷ ಭೌತಶಾಸ್ತ್ರ ಪಾಠ ಮಾಡಿದ ನಾನೂ ತಲೆಯಾಡಿಸಿದೆ. ಇಬ್ಬರ ಲೆಕ್ಕವೂ ತಪ್ಪು ಎಂದು ತಿಳಿಯಲು ಒಂದು ಬೆಲ್ಟು ಸುಡಬೇಕಾಯಿತು.

ಈ ಗಾಡಿ ಹುಟ್ಟಿದ್ದು ಮಲೆನಾಡಿಗಾಗಿ ಅಲ್ಲ. ಅಮೆರಿಕದಲ್ಲಿ ಮನೆಯ ಸುತ್ತ ಎಕರೆಗಟ್ಟಲೆ ಹುಲ್ಲು ಬೆಳೆಸುವವರು ಮೇಲೆ ಕುಳಿತು ಓಡಿಸುವ ಕತ್ತರಿ ಯಂತ್ರವೇ ಲಾನ್ ಟ್ರ್ಯಾಕ್ಟರ್. ಅಲ್ಲಿ ಶರತ್ಕಾಲದಲ್ಲಿ ಮೇಪಲ್, ಓಕ್ ಮರಗಳು ಕೆಲವೇ ವಾರಗಳಲ್ಲಿ ಬೋಳಾಗುತ್ತವೆ. ಆ ಎಲೆಯನ್ನೆಲ್ಲ ಬಾಚಲು ಸೊಂಟ ಯಾರಿಗಿದೆ? ಅದಕ್ಕಾಗಿ ಟ್ರ್ಯಾಕ್ಟರಿಗೆ ಒಂದು ಬಾಲಂಗೋಚಿ ಬಂತು. ಹೊಟ್ಟೆಯಡಿಯ ಕತ್ತರಿ ಪೆಟ್ಟಿಗೆಯಿಂದ ದಪ್ಪನೆಯ ಹೋಸ್ ಪೈಪು, ಪೈಪಿನ ಕೊನೆಗೆ ಫ್ಯಾನು, ಫ್ಯಾನಿನ ಹಿಂದೆ ಎಲೆ ತುಂಬುವ ಟ್ರೈಲರು. ಕೊಂಡದ್ದನ್ನು ಕೊಂಡ ಹಾಗೆಯೇ ಬಳಸುವವರು ಅಲ್ಲೂ ಕಡಿಮೆ. ಒಬ್ಬರು ಪೈಪು ಬದಲಿಸುತ್ತಾರೆ, ಇನ್ನೊಬ್ಬರು ಬಟ್ಟೆಯ ಚೀಲ ಕಿತ್ತು ಪ್ಲೈವುಡ್ ಪೆಟ್ಟಿಗೆ ಕೂರಿಸುತ್ತಾರೆ.

ಭಾವನಿಗೆ ಇದು ಬೇಕಾದದ್ದು ಹೋಂಸ್ಟೇ ಮುಂದಿನ ಹುಲ್ಲುಹಾಸಿಗೆ ಮತ್ತು ಅದಕ್ಕಿಂತ ಹೆಚ್ಚಾಗಿ ಕಾಫಿ ಒಣಗಿಸುವ ಕಣದ ಸುತ್ತಲಿನ ಜಾಗಕ್ಕೆ. ಒಣಗಿ ಉದುರಿದ ಎಲೆಗೆ ನಮ್ಮಲ್ಲಿ ದರಗು ಎನ್ನುತ್ತಾರೆ. ತೋಟದಲ್ಲಿ ಅದರ ದೊಡ್ಡ ಪಾಲು ಸಿಲ್ವರ್ ಓಕ್ ಮರದ್ದು. ಹೆಸರಿನಲ್ಲಿ ಓಕ್ ಇದ್ದರೂ ಅದು ಓಕ್ ಜಾತಿಯದಲ್ಲ. ಆಸ್ಟ್ರೇಲಿಯಾದಿಂದ ಬಂದು, ನೆರಳಿಗೂ ಮೆಣಸಿನ ಬಳ್ಳಿ ಹಬ್ಬಿಸಲಿಕ್ಕೂ ಒದಗಿ, ಇಲ್ಲಿಯದೇ ಆಗಿಬಿಟ್ಟ ಮರ. ಅದರ ಎಲೆ ಜರೀಗಿಡದಂತೆ ಸೀಳುಸೀಳು. ಒಣಗಿದರೆ ಸುರುಳಿಕೊಂಡು ಒಂದಕ್ಕೊಂದು ಕೊಕ್ಕೆ ಹಾಕಿಕೊಳ್ಳುತ್ತದೆ. ಕಾಫಿ ಕಣದಲ್ಲಿರುವ ಹೊತ್ತಿಗೇ ಉದುರಲು ಶುರುವಾಗುವುದು ಇದರ ಇನ್ನೊಂದು ಉಪಕಾರ.

ಮೊದಲು ಒಂದು ಮಾತು ಸ್ಪಷ್ಟವಾಗಬೇಕು: ಹೀರುವುದು ಎಂಬ ಬಲವೇ ಇಲ್ಲ. ಫ್ಯಾನು ಒಂದು ಕಡೆಯ ಗಾಳಿಯನ್ನು ಹೊರಗೆ ದಬ್ಬುತ್ತದೆ, ಅಲ್ಲಿ ಒತ್ತಡ ತುಸು ಇಳಿಯುತ್ತದೆ, ಸುತ್ತಲಿನ ವಾತಾವರಣ ಆ ಜಾಗಕ್ಕೆ ನುಗ್ಗುತ್ತದೆ. ಎಲೆ ಹೋಗುವುದು ಆ ನುಗ್ಗಾಟದಲ್ಲಿ ಸಿಕ್ಕಿಕೊಂಡು. ಹಾಗೆ ನುಗ್ಗಲು ಬೇಕಾಗುವ ಒತ್ತಡದ ವ್ಯತ್ಯಾಸ ಎಷ್ಟು ಅಲ್ಪ ಎಂದರೆ ನಗು ಬರುತ್ತದೆ. ಪೈಪಿನಲ್ಲಿ ಗಾಳಿ ಸೆಕೆಂಡಿಗೆ 25 ಮೀಟರ್ ವೇಗದಲ್ಲಿ ಓಡಬೇಕು ಎಂದುಕೊಳ್ಳಿ. ಆ ವೇಗ ಕೊಡಲು ಸುಮಾರು 33 ಮಿಲಿಮೀಟರ್ ಎತ್ತರದ ನೀರಿನ ಒತ್ತಡ ಸಾಕು. ಎಳನೀರಿಗೆ ಸ್ಟ್ರಾ ಹಾಕಿ ಹೀರುವ ಮಗು ನೀರನ್ನು 20 ಸೆಂಟಿಮೀಟರ್ ಮೇಲೆತ್ತುತ್ತದೆ, ಅಂದರೆ ಇದರ ಆರು ಪಟ್ಟು. ಹಾಗಿದ್ದರೆ ಮಗುವಿನ ಕೈಲಿ ದರಗು ಎತ್ತಿಸಬಾರದೇ? ಎತ್ತಿಸಬಹುದಿತ್ತು, ಮಗುವಿನ ಎದೆಗೂಡಿನಲ್ಲಿ ಅಷ್ಟು ಜಾಗವಿದ್ದಿದ್ದರೆ. ಎಂಟು ಇಂಚಿನ ಪೈಪಿನಲ್ಲಿ ಆ ವೇಗವೆಂದರೆ ಸೆಕೆಂಡಿಗೆ ಸುಮಾರು 810 ಲೀಟರ್ ಗಾಳಿ. ತೋಟದಲ್ಲಿ ನೀರು ತುಂಬಿಡುವ 200 ಲೀಟರಿನ ನೀಲಿ ಡ್ರಮ್ಮುಗಳು ಸೆಕೆಂಡಿಗೆ ನಾಲ್ಕರಂತೆ ಖಾಲಿಯಾದ ಹಾಗೆ. ಎಂಜಿನ್ನಿನ ಬೆವರೆಲ್ಲ ಹರಿಯುವುದು ಈ ಪ್ರಮಾಣಕ್ಕೆ.

ಈ 25 ಎಂಬ ಸಂಖ್ಯೆ ಎಲ್ಲಿಂದ ಬಂತು? ಅದರ ಉತ್ತರ ಹಾಸನದ ಯಾವ ರಾಗಿ ಕಣದಲ್ಲಾದರೂ ಸಿಗುತ್ತದೆ. ಮೊರ ಎತ್ತಿ ತೂರುವಾಗ ಕಾಳು ಕಾಲಬುಡದಲ್ಲೇ ಬೀಳುತ್ತದೆ, ಹೊಟ್ಟು ದೂರ ಹೋಗುತ್ತದೆ. ಪ್ರತಿಯೊಂದು ವಸ್ತುವಿಗೂ ಒಂದು ಬೀಳುವ ವೇಗವಿದೆ. ಎತ್ತರದಿಂದ ಬಿಟ್ಟರೆ ಸ್ವಲ್ಪ ಹೊತ್ತಿನಲ್ಲೇ ಅದು ಆ ವೇಗ ಮುಟ್ಟಿ, ಮುಂದೆ ಅದೇ ವೇಗದಲ್ಲಿ ಇಳಿಯುತ್ತದೆ. ಭಾರವನ್ನು ಗಾಳಿಯ ತಡೆ ಸರಿದೂಗಿಸಿರುತ್ತದೆ. ಅಷ್ಟೇ ವೇಗದ ಗಾಳಿ ಕೆಳಗಿನಿಂದ ಬೀಸಿದರೆ ವಸ್ತು ತೇಲುತ್ತದೆ, ಹೆಚ್ಚಾದರೆ ಹಾರುತ್ತದೆ. ಒಣ ಎಲೆಗೆ ಈ ವೇಗ ಸೆಕೆಂಡಿಗೆ ಒಂದೆರಡು ಮೀಟರ್. ಒಂದು ಸೆಂಟಿಮೀಟರ್ ಗಾತ್ರದ ಕಲ್ಲಿಗೆ ಸುಮಾರು 27. ಎಲೆಗೆ ಎರಡು ಸಾಕಾದರೆ ಇಪ್ಪತ್ತೈದು ಯಾಕೆ? ಎಲೆ ಪೈಪಿನಲ್ಲಿ ಒಂಟಿಯಾಗಿ ಹೋಗುವುದಿಲ್ಲ. ಗುಂಪಾಗಿ ಹೋಗುತ್ತದೆ, ಗೋಡೆಗೆ ಉಜ್ಜುತ್ತದೆ, ಬಾಗಿನಲ್ಲಿ ಮುಗ್ಗರಿಸುತ್ತದೆ, ಕಡ್ಡಿಯನ್ನು ಜೊತೆಗೆ ಕರೆತರುತ್ತದೆ. ಹದಿನೈದಕ್ಕಿಂತ ಕೆಳಗಿಳಿದರೆ ಎಲ್ಲಾದರೂ ಒಂದು ಕಡೆ ಕುಳಿತುಬಿಡುತ್ತದೆ. ಒಂದು ಕುಳಿತರೆ ಹಿಂದಿನ ನೂರು ಅದರ ಮೇಲೆ ಕೂರುತ್ತವೆ.

ಚಿಕ್ಕಮಗಳೂರು ಸಮುದ್ರಮಟ್ಟದಿಂದ ಸುಮಾರು 1,090 ಮೀಟರ್ ಎತ್ತರದಲ್ಲಿದೆ. ಮಂಗಳೂರಿಗಿಂತ ಇಲ್ಲಿನ ಗಾಳಿ ನೂರಕ್ಕೆ ಹತ್ತು ಹನ್ನೆರಡರಷ್ಟು ತೆಳು. ಅದೇ ವೇಗದ ಗಾಳಿಯ ತಳ್ಳುವ ಬಲವೂ ಅಷ್ಟೇ ಕಡಿಮೆ. ಭಾವನ ಗಾಡಿಯ ಸೋಲಿಗೆ ನಾನು ಮೊದಲು ಹುಡುಕಿದ ನೆಪ ಇದು. ನೆಪ ಚೆನ್ನಾಗಿತ್ತು, ಆದರೆ ಎರಡು ಬುಟ್ಟಿಯ ಲೆಕ್ಕಕ್ಕೆ ಹನ್ನೆರಡು ಸಾಲುವುದಿಲ್ಲ.

ಮುಂದೆ ಅನುಮಾನ ಬಂದದ್ದು ಬಾಯಿಯ ಮೇಲೆ, ಅಂದರೆ ನೆಲದ ಹತ್ತಿರ ಎಲೆ ಒಳಹೋಗುವ ಜಾಗದ ಮೇಲೆ. ಉರಿಯುವ ದೀಪವನ್ನು ಒಂದು ಮೊಳ ದೂರದಿಂದ ಊದಿ ಆರಿಸಬಹುದು. ಅಷ್ಟೇ ದೂರದಿಂದ ಉಸಿರು ಎಳೆದುಕೊಂಡು ಆರಿಸಿ ನೋಡಿ; ಜ್ವಾಲೆ ಅಲುಗುವುದೂ ಇಲ್ಲ. ಊದಿದ ಗಾಳಿ ಕೋಲಿನಂತೆ ನೇರ ಹೋಗುತ್ತದೆ. ಎಳೆದ ಗಾಳಿ ಎಲ್ಲ ದಿಕ್ಕಿನಿಂದಲೂ ಬರುತ್ತದೆ, ಆದ್ದರಿಂದ ಬಾಯಿಯಿಂದ ತುಸು ದೂರಕ್ಕೇ ಸತ್ತುಹೋಗುತ್ತದೆ. ಪೈಪಿನ ಬಾಯಿಯಿಂದ ಅದರ ಒಂದು ವ್ಯಾಸದಷ್ಟು ದೂರದಲ್ಲಿ ಬಾಯಲ್ಲಿದ್ದ ವೇಗದ ಹತ್ತನೆಯ ಒಂದು ಭಾಗವೂ ಉಳಿಯುವುದಿಲ್ಲ. ಹಾಗಾಗಿ ಎಂಟು ಇಂಚಿನ ಪೈಪನ್ನು ನೆಲದಿಂದ ಎಂಟು ಇಂಚು ಎತ್ತಿ ಹಿಡಿದವನು ಪೆಟ್ರೋಲು ಸುಡುತ್ತಾನೆ ಅಷ್ಟೆ. ಎರಡು ಇಂಚಿಗೆ ಇಳಿಸಿದರೆ, ಸುತ್ತಲಿನ ಸಂದಿಯ ಒಟ್ಟು ಕ್ಷೇತ್ರ ಪೈಪಿನ ಕ್ಷೇತ್ರಕ್ಕೆ ಸಮನಾಗಿ, ಪೂರ್ತಿ ವೇಗ ನೆಲದ ಮೇಲೇ ಸಿಗುತ್ತದೆ. ಬಾಯಿ ಅಗಲವಾಗಿದ್ದರೆ ಸಂದಿ ಇನ್ನೂ ಕಿರಿದಾಗಬೇಕು. ಆದರೆ ಲಾನ್ ಟ್ರ್ಯಾಕ್ಟರಿನಲ್ಲಿ ಎಲೆಯನ್ನು ನೆಲದಿಂದ ಎಬ್ಬಿಸುವ ಕೆಲಸ ಬ್ಲೇಡಿನದು. ಅದರ ಹಿಂಬದಿಯ ಅಂಚು ಮೇಲಕ್ಕೆ ಬಾಗಿರುತ್ತದೆ, ತಿರುಗುವಾಗ ಗಾಳಿಯನ್ನು ಮೇಲೆತ್ತಿ ಎಲೆ ಸಮೇತ ಪಕ್ಕದ ದ್ವಾರಕ್ಕೆ ಎಸೆಯುತ್ತದೆ. ಬ್ಲೇಡಿನ ತುದಿಯ ವೇಗಕ್ಕೆ ಅಮೆರಿಕದ ಸುರಕ್ಷತಾ ಮಾನದಂಡ ಇಟ್ಟಿರುವ ಮಿತಿ ನಿಮಿಷಕ್ಕೆ 19,000 ಅಡಿ; ನಮ್ಮ ಲೆಕ್ಕದಲ್ಲಿ ಗಂಟೆಗೆ ಸುಮಾರು 350 ಕಿಲೋಮೀಟರ್. ಎಂಜಿನ್ ನಿಲ್ಲಿಸದೆ ಅದರ ಬಳಿ ಕೈ ಹಾಕಬಾರದು ಎಂದು ಬೇರೆ ಹೇಳಬೇಕಿಲ್ಲ. ಭಾವನ ಗಾಡಿಯ ಬ್ಲೇಡು ಸರಿಯಾಗಿಯೇ ಇತ್ತು.

ಪೈಪು? ಹಳೆಯ ಮಾಲೀಕರು ಆರು ಇಂಚಿನದನ್ನು ಹಾಕಿದ್ದರು. ಎಂಟಕ್ಕೂ ಆರಕ್ಕೂ ಎರಡೇ ಇಂಚಿನ ವ್ಯತ್ಯಾಸ ಎಂದು ಕಣ್ಣು ಹೇಳುತ್ತದೆ. ಅಷ್ಟೇ ಗಾಳಿಯನ್ನು ಆರು ಇಂಚಿನಲ್ಲಿ ಕಳಿಸಲು ಹೊರಟರೆ ಉಜ್ಜಾಟದಲ್ಲಿ ಕಳೆದುಹೋಗುವ ಒತ್ತಡ ನಾಲ್ಕು ಪಟ್ಟಿಗಿಂತ ಹೆಚ್ಚು, ಯಾಕೆಂದರೆ ವ್ಯಾಸ ಕಿರಿದಾದಂತೆ ಈ ನಷ್ಟ ಅದರ ಐದನೆಯ ಘಾತಕ್ಕೆ ವಿಲೋಮವಾಗಿ ಏರುತ್ತದೆ. ಒಳಗೆ ಬಳೆ ಬಳೆಯಾಗಿರುವ ಪೈಪಾದರೆ ನಷ್ಟ ಇನ್ನೂ ಜಾಸ್ತಿ. ಒಳಮೈ ನುಣುಪಾದ ಎಂಟು ಇಂಚಿನ ಪೈಪು ತಂದೆವು, ಬಾಗುಗಳನ್ನು ಆದಷ್ಟು ಉದ್ದಕ್ಕೆ ಎಳೆದೆವು. ಎರಡು ಬುಟ್ಟಿ ಮೂರಾಯಿತು.

ಆಗ ಭಾವ ಪೇಟೆಯ ಲೇತ್ ಅಂಗಡಿಗೆ ಹೋಗಿ ಫ್ಯಾನಿನ ಪುಲ್ಲಿಯನ್ನು ಚಿಕ್ಕದು ಮಾಡಿಸಿಕೊಂಡು ಬಂದರು. ಫ್ಯಾನಿನ ವೇಗ ನೂರಕ್ಕೆ ಇಪ್ಪತ್ತರಷ್ಟು ಹೆಚ್ಚಿತು. ಚಾಲೂ ಮಾಡಿದಾಗ ಕೂಗು ಇನ್ನೂ ಕೀರಲಾಯಿತು, ದರಗು ಮತ್ತೆ ಮೂರು ಬುಟ್ಟಿಯಲ್ಲೇ ನಿಂತಿತು. "ಒಳಗೆ ಏನಾಗುತ್ತಿದೆ ನೋಡುತ್ತೇನೆ" ಎಂದು ಭಾವ ಫ್ಯಾನು ಓಡುತ್ತಿರುವಾಗಲೇ ಟ್ರೈಲರಿನ ಹಿಂಬಾಗಿಲಿನ ಚಿಲಕ ತೆಗೆದರು. ಬಾಗಿಲು ಧಡಾರನೆ ತೆರೆದುಕೊಂಡು ಒಂದು ಮೂಟೆ ದರಗು ಅವರ ಪಂಚೆಯ ಮೇಲೆ ಬಿತ್ತು. ಅದರ ಹಿಂದೆಯೇ ಪೈಪಿನಲ್ಲಿ ನಿಂತಿದ್ದ ಎಲೆಯೆಲ್ಲ ಹೊಳೆಯಂತೆ ಹರಿದು ಬಂತು. ಎಂಜಿನ್ನಿನ ಕೂಗು ಇಳಿದು ದಪ್ಪ ದನಿಯಾಯಿತು. ಅರ್ಧ ನಿಮಿಷದಲ್ಲಿ ರಬ್ಬರು ಸುಟ್ಟ ವಾಸನೆ, ಬೆಲ್ಟು ಹೋಯಿತು.

ನಾನು ಪಾಠ ಮಾಡುತ್ತಿದ್ದ ವಿಷಯ ನನಗೆ ಅರ್ಥವಾದದ್ದು ಆ ವಾಸನೆಯಲ್ಲಿ. ಇಂಥ ಫ್ಯಾನಿಗೆ ಹೆಚ್ಚು ಕೆಲಸ ಬೀಳುವುದು ಹೆಚ್ಚು ಗಾಳಿಯನ್ನು ಸಾಗಿಸುವಾಗ. ದಾರಿ ಮುಚ್ಚಿದರೆ ಅದಕ್ಕೆ ಕೆಲಸವಿಲ್ಲ. ಒಳಗಿರುವ ಗಾಳಿಯನ್ನೇ ಸುತ್ತಿಸುತ್ತಾ ಹಗುರಾಗಿ, ವೇಗವಾಗಿ ತಿರುಗುತ್ತದೆ. ಮನೆಯ ವ್ಯಾಕ್ಯೂಮ್ ಕ್ಲೀನರಿನ ಪೈಪಿಗೆ ಅಂಗೈ ಮುಚ್ಚಿದಾಗ ದನಿ ಏರುವುದೂ ಇದೇ ಕಾರಣಕ್ಕೆ. ನಾವು ಒದ್ದಾಟ ಎಂದುಕೊಂಡಿದ್ದ ಕೂಗು ನಿಜವಾಗಿ ಸೋಮಾರಿಯ ಹಾಡು. ಬಾಗಿಲು ತೆರೆದ ಮೇಲೆ ಫ್ಯಾನಿಗೆ ನಿಜವಾದ ಕೆಲಸ ಸಿಕ್ಕಿತು. ವೇಗ ಇಪ್ಪತ್ತರಷ್ಟು ಏರಿಸಿದರೆ ಗಾಳಿ ಇಪ್ಪತ್ತರಷ್ಟೇ ಏರುತ್ತದೆ, ಬೇಕಾಗುವ ಶಕ್ತಿ ಮಾತ್ರ ವೇಗದ ಘನದಂತೆ ಏರಿ ನೂರಕ್ಕೆ ಎಪ್ಪತ್ತಮೂರು ಹೆಚ್ಚಾಗುತ್ತದೆ. ಅಷ್ಟನ್ನು ಹೊರುವ ಯೋಗ್ಯತೆ ಆ ಬೆಲ್ಟಿಗಿರಲಿಲ್ಲ.

ತಪ್ಪು ಇದ್ದದ್ದು ಮುಚ್ಚಳದಲ್ಲಿ. ಹಿಂದಿನ ಮಾಲೀಕರು ಮಳೆಗೆ ಹೆದರಿ ಟ್ರೈಲರಿಗೆ ಟಾರ್ಪಾಲು ಹೊಲಿಸಿ, ಗಾಳಿ ಹೋಗಲಿ ಎಂದು ಒಂದು ಅಡಿ ಚೌಕದ ಜಾಲರಿ ಕಿಟಕಿ ಇಟ್ಟಿದ್ದರು. ಮೊದಲ ಬುಟ್ಟಿ ಎಲೆ ಬಂದು ಆ ಕಿಟಕಿಗೆ ಅಂಟಿಕೊಂಡರೆ ಮುಗಿಯಿತು. ಒಳಬಂದ ಗಾಳಿ ಹೊರಹೋಗದಿದ್ದರೆ ಹೊಸ ಗಾಳಿ ಒಳಬರುವುದೆಲ್ಲಿಂದ? 1901ರಲ್ಲಿ ಲಂಡನ್ನಿನ ಎಂಜಿನಿಯರ್ ಹ್ಯೂಬರ್ಟ್ ಸೆಸಿಲ್ ಬೂತ್ ಇದನ್ನು ಒಂದು ಹೋಟೆಲಿನ ಕುರ್ಚಿಯ ಮೇಲೆ ಕಂಡುಕೊಂಡಿದ್ದರು. ಬಾಯಿಗೆ ಕರವಸ್ತ್ರ ಅಡ್ಡ ಹಿಡಿದು ಕುರ್ಚಿಯ ಮೆತ್ತೆಗೆ ತುಟಿಯೊತ್ತಿ ಉಸಿರೆಳೆದರು. ಧೂಳು ಬಟ್ಟೆಯಲ್ಲಿ ನಿಂತಿತು, ಗಾಳಿ ದಾಟಿತು. ಹಾಗೆ ಹುಟ್ಟಿದ ಅವರ ಯಂತ್ರ ಕುದುರೆ ಗಾಡಿಯ ಮೇಲೆ ಬೀದಿಗೆ ಬರುತ್ತಿತ್ತು, ಉದ್ದನೆಯ ಪೈಪುಗಳು ಕಿಟಕಿಯಿಂದ ಮನೆಯೊಳಗೆ ಹೋಗುತ್ತಿದ್ದವು. ನಮಗಂತೂ ಅಷ್ಟು ದೂರ ಹೋಗಬೇಕಿರಲಿಲ್ಲ. ಕೊಟ್ಟಿಗೆಗೆ ದರಗು ಹೊರುವ ಬಿದಿರ ಬುಟ್ಟಿ ಅಲ್ಲೇ ಗೋಡೆಗೆ ಒರಗಿತ್ತು, ಮೈಯೆಲ್ಲ ಕಣ್ಣಾಗಿ.

ಟಾರ್ಪಾಲು ಕಿತ್ತು, ನರ್ಸರಿಗೆ ಹಾಕುವ ಹಸಿರು ನೆರಳು ಪರದೆಯನ್ನು ಚೌಕಟ್ಟಿಗೆ ಬಿಗಿದು ಇಡೀ ಮೇಲ್ಭಾಗಕ್ಕೆ ಹೊದಿಸಿದೆವು. ಪೈಪಿನಲ್ಲಿ 25 ಮೀಟರ್ ವೇಗದಲ್ಲಿ ಬಂದ ಗಾಳಿ ಅಷ್ಟು ಅಗಲದ ಪೆಟ್ಟಿಗೆಗೆ ಬಂದರೆ ಸೆಕೆಂಡಿಗೆ ಒಂದು ಮೀಟರಿಗೂ ಕೆಳಗಿಳಿಯುತ್ತದೆ. ಎಲೆಗೆ ತೇಲಲು ಅದು ಸಾಲದು, ಬೀಳುತ್ತದೆ. ಹಳೆಯ ಪುಲ್ಲಿ ವಾಪಸು ಬಂತು. ಟ್ರೈಲರು ಅಂಚಿನವರೆಗೆ ತುಂಬಿತು. ಫ್ಯಾನಿನ ರೆಕ್ಕೆಗೆ ಸಿಕ್ಕ ಎಲೆ ಚೂರಾಗಿ ಬರುವುದರಿಂದ ಜಾಗವೂ ಕಡಿಮೆ ಸಾಕು, ಗೊಬ್ಬರದ ಗುಂಡಿಯಲ್ಲಿ ಬೇಗ ಕೊಳೆಯುತ್ತದೆ.

ಕಲ್ಲಿನದು ಬೇರೆ ಕಥೆ. ಕಣದ ಅಂಚಿನ ಜಲ್ಲಿ ಫ್ಯಾನಿನ ರೆಕ್ಕೆಗೆ ಬಡಿದು ಗುಂಡು ಹೊಡೆದಂತೆ ಸದ್ದಾಗುತ್ತಿತ್ತು. ಎಲೆಗೂ ಕಲ್ಲಿಗೂ ಬೀಳುವ ವೇಗದಲ್ಲಿ ಹತ್ತು ಪಟ್ಟಿಗಿಂತ ಹೆಚ್ಚಿನ ಅಂತರವಿರುವಾಗ ಅವುಗಳನ್ನು ಬೇರ್ಪಡಿಸುವುದು ಕಷ್ಟವೇ? ಫ್ಯಾನಿಗೆ ಮೊದಲು ದಾರಿಯನ್ನು ಒಮ್ಮೆ ಅಗಲ ಮಾಡಿದರೆ ಸಾಕು. ಮೊದಲು ತಗಡಿನ ಚೌಕ ಪೆಟ್ಟಿಗೆ ಮಾಡಿಸಿದೆವು; ಚಾಲೂ ಮಾಡಿದ ಕೂಡಲೇ 'ಡಬ್' ಎಂದು ಹೊಟ್ಟೆ ಒಳಕ್ಕೆ ಹೋಯಿತು. ಹತ್ತು ಸೆಂಟಿಮೀಟರ್ ನೀರಿನಷ್ಟು ಒತ್ತಡ ಇಳಿದರೂ ಪ್ರತಿ ಚದರ ಮೀಟರಿನ ಮೇಲೆ ಹೊರಗಿನಿಂದ ನೂರು ಕಿಲೋ ಕುಳಿತ ಹಾಗೆ. ದುಂಡಗಿನ ಗೋಡೆ ಕಮಾನಿನಂತೆ ಅದನ್ನು ತಡೆದುಕೊಳ್ಳುತ್ತದೆ. ಹಾಗಾಗಿ ಕಬ್ಬಿಣದ 200 ಲೀಟರ್ ಡ್ರಮ್ಮು ಬಂತು. ಅದರ ಅಗಲದಲ್ಲಿ ಗಾಳಿಯ ವೇಗ ಮೂರು ಮೀಟರಿಗೆ ಇಳಿಯುತ್ತದೆ. ಕಲ್ಲು, ಕಡ್ಡಿ ತಳಕ್ಕೆ, ಎಲೆ ಮುಂದಕ್ಕೆ. ಊರಿನ ಕಾಫಿ ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ ಕೆಳಗಿನಿಂದ ಗಾಳಿ ಬಿಟ್ಟು ಹಗುರ ಬೀಜವನ್ನು ಮೇಲಕ್ಕೆ ಹಾರಿಸಿ, ತೂಕದ ಬೀಜವನ್ನು ಕೆಳಗೆ ಉಳಿಸಿಕೊಳ್ಳುವುದೂ ಇದೇ ಲೆಕ್ಕದಲ್ಲಿ.

ಇಬ್ಬನಿ ಆರುವ ಮೊದಲು ಗಾಡಿ ಹೊರಡಿಸುವಂತಿಲ್ಲ. ನೆನೆದ ಎಲೆ ತೂಕದಿಂದ ಸೋಲಿಸುವುದಿಲ್ಲ, ಅಂಟಿನಿಂದ ಸೋಲಿಸುತ್ತದೆ. ಇನ್ನು ಕಾಫಿ ಗಿಡದ ಬುಡದ ದರಗಿಗೆ ಈ ಗಾಡಿಯನ್ನು ಒಯ್ಯುವವರನ್ನು ನಾನು ತಡೆಯುತ್ತೇನೆ. ಅದು ಅಲ್ಲೇ ಕೊಳೆತು ಮಣ್ಣಿಗೆ ಸೇರಬೇಕಾದ ಹೊದಿಕೆ, ಕಸವಲ್ಲ.

ಗಾಡಿ ಸರಿಹೋದ ಮೇಲೆ ತೋಟದ ಲೆಕ್ಕಪತ್ರ ನೋಡುವ ರೈಟರಿಗೆ ಒಂದು ಆಸೆ ಹುಟ್ಟಿತು. ಕಣದಲ್ಲಿ ಹರವಿದ ಒಣ ಕಾಫಿಯ ಮೇಲೆ ಬಿದ್ದ ಎಲೆಯನ್ನಷ್ಟೇ ಇದು ಎತ್ತಬಹುದೇ? ಪೈಪನ್ನು ಕತ್ತರಿ ಪೆಟ್ಟಿಗೆಯಿಂದ ಬಿಚ್ಚಿ, ಕೈಯಲ್ಲಿ ಹಿಡಿದು, ಕಾಫಿಯಿಂದ ಗೇಣು ಮೇಲೆ ತೂಗಾಡಿಸುತ್ತಾ ಹೋದೆವು. ಆ ಎತ್ತರದಲ್ಲಿ ಕೆಳಗೆ ಮುಟ್ಟುವ ಗಾಳಿ ಎಲೆಯನ್ನು ಎಬ್ಬಿಸುವಷ್ಟೇ ಇತ್ತು. ಎಲೆ ಎದ್ದವು, ಕಾಫಿ ಮಲಗಿತ್ತು. ಕೈ ಸೋತು ಪೈಪು ಒಂದೆರಡು ಸಲ ಕೆಳಗಿಳಿದದ್ದೂ ಉಂಟು. ಕೊನೆಗೆ ರೈಟರು ಡ್ರಮ್ಮಿನ ಮುಚ್ಚಳ ತೆಗೆದು, ತಳದ ಕಡ್ಡಿ ಮಣ್ಣಿನ ನಡುವಿನಿಂದ ಕಾಫಿ ಕಾಯಿಗಳನ್ನು ಆರಿಸಿ ಅಂಗೈಯಲ್ಲಿಟ್ಟುಕೊಂಡರು. ಹದಿನೇಳು ಇದ್ದವು. ನಷ್ಟದ ಲೆಕ್ಕ ಹೇಳುತ್ತಾರೆ ಎಂದು ಭಾವ ಮುಖ ಗಂಟಿಕ್ಕಿ ಕಾದರು. ರೈಟರು ಒಂದನ್ನು ಹಲ್ಲಿನಲ್ಲಿ ಕಡಿದರು, ಇನ್ನೊಂದನ್ನು ಕಡಿದರು, ಮೂರನೆಯದನ್ನು ಉಗುರಿನಲ್ಲಿ ಒಡೆದು ನಮ್ಮ ಮುಂದೆ ಹಿಡಿದರು. ಒಳಗೆ ಬೀಜವೇ ಇರಲಿಲ್ಲ. ಹದಿನೇಳೂ ಜೊಳ್ಳು.